ಹವಳ ಯಾಕೆ ಅರಳುತ್ತಿಲ್ಲ? ಮುಂಬಯಿ ಮನೆಯ ಚಿಕ್ಕ ಉಪ್ಪುನೀರಿನ ಟ್ಯಾಂಕಿಗೆ ಒಂದು ಸಮಗ್ರ ಮಾರ್ಗದರ್ಶಿ

ಲೈಟ್ ಹೊತ್ತಿ ಎರಡು ಗಂಟೆ ಆಗಿದೆ. ಆದರೂ ಲೆದರ್ ಕೋರಲ್ ಮುದುಡಿಕೊಂಡೇ ಇದೆ. ನಿನ್ನೆವರೆಗೆ ಸೇವಂತಿಗೆ ಹಾಗೆ ಅರಳುತ್ತಿದ್ದ ಝೋವಾ ಹವಳಗಳು ಮೊಗ್ಗಿನಂತೆ ಮುಚ್ಚಿಕೊಂಡಿವೆ. ಇಂಥ ಹೊತ್ತಲ್ಲಿ ಕೈ ಸುಮ್ನೆ ಇರುವುದಿಲ್ಲ. ಏನಾದರೂ ಮಾಡಲೇಬೇಕು ಅನಿಸುತ್ತದೆ.

ನನ್ನ ಟ್ಯಾಂಕ್ ಮುಂಬಯಿ ಪಕ್ಕದ ಡೊಂಬಿವಲಿಯ ನಮ್ಮ ಮನೆಯ ಹಾಲ್‌ನಲ್ಲಿದೆ. 50 ಲೀಟರಿನದು. ಕಲ್ಲು, ಮರಳು ಬಿಟ್ಟರೆ ನೀರು ಸುಮಾರು 40 ಲೀಟರ್. ಮೊದಲ ವರ್ಷ ಲೆದರ್ ಮುದುಡಿದಾಗ ನಾನು ಒಂದೇ ದಿನದಲ್ಲಿ ಅರ್ಧ ನೀರು ಬದಲಿಸಿದೆ, ಲೈಟ್ ಜಾಸ್ತಿ ಮಾಡಿದೆ, ಪಿಎಚ್ ಏರಿಸುವ ಪುಡಿ ಹಾಕಿದೆ, ಕಲ್ಲುಗಳ ಜಾಗವನ್ನೂ ಬದಲಿಸಿದೆ. ಮೂರು ದಿನದಲ್ಲಿ ಝೀನಿಯಾ ಹವಳ ಕರಗಿ ಹೋಯಿತು. ಲೆದರ್‌ಗೆ ಮಾತ್ರ ಏನೂ ಆಗಿರಲಿಲ್ಲ, ಅದು ಪೊರೆ ಕಳಚುತ್ತಿತ್ತು ಅಷ್ಟೇ. ಅವತ್ತಿನಿಂದ ನಾನು ಪಾಲಿಸುವ ಕ್ರಮವನ್ನೇ ಇಲ್ಲಿ ಬರೆಯುತ್ತಿದ್ದೇನೆ. ಚಿಕ್ಕ ಟ್ಯಾಂಕಿನಲ್ಲಿ ಹವಳ ಸಾಯುವುದು ಸಾಮಾನ್ಯವಾಗಿ ಕಾಯಿಲೆಯಿಂದಲ್ಲ. ನೀರಿನ ಏರುಪೇರಿನಿಂದ, ಮತ್ತೆ ನಮ್ಮ ಅವಸರದಿಂದ.

ಮೊದಲೇ ಒಂದು ಮಾತು. ಇಲ್ಲಿ ನಾನು ಹೇಳುವುದೆಲ್ಲ ಮೃದು ಹವಳಗಳ ಬಗ್ಗೆ, ಅಂದರೆ ಲೆದರ್, ಝೋವಾ, ಮಶ್ರೂಮ್, ಝೀನಿಯಾ, ಇಂಥವು. ಸುಣ್ಣದ ಅಸ್ಥಿ ಕಟ್ಟುವ ಗಟ್ಟಿ ಹವಳಗಳು ಮತ್ತು ಸೀ ಫ್ಯಾನ್‌ಗಳು 2001ರಿಂದ ವನ್ಯಜೀವಿ ಸಂರಕ್ಷಣಾ ಕಾಯ್ದೆಯ ಒಂದನೇ ಪರಿಶಿಷ್ಟದಲ್ಲಿವೆ. ಹುಲಿ ಇರುವ ಪಟ್ಟಿಯೇ ಅದು. ಅಂಗಡಿಯವರು "ಏನೂ ಆಗಲ್ಲ ತಗೊಳ್ಳಿ" ಅಂದರೂ ತರಬೇಡಿ. ಇಳಿತದ ಹೊತ್ತಲ್ಲಿ ಹಾಜಿ ಅಲಿ, ಮರೀನ್ ಡ್ರೈವ್ ಕಡೆಯ ಬಂಡೆಗಳ ಮೇಲೆ ಝೋವಾಗಳು ಹಾಸಿಕೊಂಡಿರುವುದು ಕಾಣುತ್ತದೆ. ಅವನ್ನು ನೋಡಿ ಬನ್ನಿ, ಕಿತ್ತು ತರಬೇಡಿ. ಅಲ್ಲಿನ ನೀರನ್ನೂ ತರಬೇಡಿ. ಊರಿನ ಕೊಳಚೆ ಸೇರುವ ನೀರದು.

ನಿಜವಾಗಿ ತೊಂದರೆ ಇದೆಯಾ?

ಕೈ ಹಾಕುವ ಮೊದಲು ಇದನ್ನು ಕೇಳಿಕೊಳ್ಳಿ. ಲೆದರ್ ಆಗಾಗ ಮುದುಡಿ, ಮೈಮೇಲೆ ಮೇಣದಂತೆ ಹೊಳೆಯುವ ಪೊರೆ ಬೆಳೆಸಿಕೊಂಡು, ಕೆಲವು ದಿನ, ಒಮ್ಮೊಮ್ಮೆ ವಾರಕ್ಕಿಂತಲೂ ಜಾಸ್ತಿ ಹಾಗೇ ನಿಂತು, ಆಮೇಲೆ ಪೊರೆ ಕಳಚಿ ಮೊದಲಿಗಿಂತ ದೊಡ್ಡದಾಗಿ ಅರಳುತ್ತದೆ. ಪಾಚಿ, ಕಸ ಮೈಮೇಲೆ ಕೂತರೆ ತೊಳೆದುಕೊಳ್ಳಲು ಅದಕ್ಕಿರುವ ದಾರಿಯೇ ಇದು. ಆಗ ನೀರಿನ ಓಟ ಸ್ವಲ್ಪ ಅದರ ಕಡೆ ತಿರುಗಿಸಿದರೆ ಸಾಕು. ಮಶ್ರೂಮ್ ರಾತ್ರಿ ಕುಗ್ಗುತ್ತದೆ. ಝೋವಾ ಮೇಲೆ ಬಸವನಹುಳ ಹರಿದರೂ ಮುಚ್ಚಿಕೊಳ್ಳುತ್ತದೆ. ಇವು ಯಾವುವೂ ರೋಗವಲ್ಲ.

ರೋಗದ ಗುರುತು ಬೇರೆ. ಮೈ ಕರಗುತ್ತಿದ್ದರೆ, ಕೆಟ್ಟ ವಾಸನೆ ಬಂದರೆ, ಕಪ್ಪು ಅಥವಾ ಕಂದು ಲೋಳೆ ಕಂಡರೆ, ಬಣ್ಣ ಪೂರ್ತಿ ಬಿಳಿಚಿದರೆ, ಕಲ್ಲಿನಿಂದ ತಾನಾಗಿ ಬಿಟ್ಟು ಬಂದರೆ ಆಗ ಮುಂದಿನ ಕೆಲಸ.

ಒಂದೋ, ಎಲ್ಲವೋ?

ನನ್ನ ಪ್ರಕಾರ ಇಡೀ ಕೆಲಸದಲ್ಲಿ ಮುಖ್ಯವಾದ ಪ್ರಶ್ನೆ ಇದೇ. ಒಂದು ಕಾಗದ ತಗೊಂಡು ಟ್ಯಾಂಕಿನಲ್ಲಿರುವ ಪ್ರತಿ ಜೀವಿಯ ಹೆಸರು ಬರೆಯಿರಿ. ಅದರ ಮುಂದೆ ಅರಳಿದೆಯಾ, ಅರ್ಧವಾ, ಮುಚ್ಚಿದೆಯಾ ಅಂತ ಬರೆಯಿರಿ. ಮೀನು, ಸೀಗಡಿ, ಬಸವನಹುಳಗಳನ್ನೂ ಬಿಡಬೇಡಿ.

ಎಲ್ಲ ಹವಳವೂ ಒಟ್ಟಿಗೆ ಮುಚ್ಚಿದ್ದರೆ ತಪ್ಪು ನೀರಿನಲ್ಲಿದೆ. ಒಂದೇ ಮುಚ್ಚಿದ್ದು ಉಳಿದವು ಚೆನ್ನಾಗಿದ್ದರೆ ತಪ್ಪು ಆ ಜಾಗದ್ದು: ಬೆಳಕು, ಓಟ, ಹುಳ, ಅಥವಾ ಪಕ್ಕದ ಹವಳದ ಕಾಟ. ಮೀನು ಆರಾಮಾಗಿದ್ದು, ಬಸವನಹುಳ ಕಲ್ಲಿನಿಂದ ಬಿದ್ದು, ಹವಳ ಮುಚ್ಚಿಕೊಂಡಿದ್ದರೆ ನನಗೆ ಮೊದಲು ಬರುವ ಅನುಮಾನ ತಾಮ್ರದ ಮೇಲೆ. ಅದರ ವಿಷಯ ಮುಂದೆ ಹೇಳುತ್ತೇನೆ. ಮೀನುಗಳೂ ಮೇಲೆ ಬಂದು ಏದುಸಿರು ಬಿಡುತ್ತಿದ್ದರೆ ಆಮ್ಲಜನಕ ಕಡಿಮೆಯಾಗಿದೆ, ಇಲ್ಲವೇ ಅಮೋನಿಯಾ ಏರಿದೆ. ಅದೊಂದಕ್ಕೆ ಮಾತ್ರ ಕಾಯಬಾರದು.

ಆಮೇಲೆ, ಯಾವಾಗಿನಿಂದ ಹೀಗೆ ಅಂತ ನೆನಪು ಮಾಡಿಕೊಳ್ಳಿ. ಹಿಂದಿನ ಎರಡು ವಾರದಲ್ಲಿ ಮನೆಯಲ್ಲಿ ಏನು ಬದಲಾಯಿತು? ಟ್ಯಾಂಕಿನಲ್ಲಿ ಅಲ್ಲ, ಮನೆಯಲ್ಲಿ. ಹೊಸ ಪ್ಯೂರಿಫೈಯರ್, ಜಿರಳೆ ಮದ್ದು, ಬಣ್ಣ, ಹೊಸ ಸೊಳ್ಳೆ ಮೆಷಿನ್, ಕೆಲಸದವರು ಬಳಸಿದ ಹೊಸ ಫಿನಾಯಿಲ್. ಮನೆಯವರನ್ನೆಲ್ಲ ಕೇಳಿ.

ಬಿಸಿ: ನಮ್ಮೂರಿನ ದೊಡ್ಡ ಶತ್ರು

ಮೊದಲು ಥರ್ಮಾಮೀಟರ್ ನೋಡಿ. ಗಾಜಿಗೆ ಅಂಟಿಸುವ ಪಟ್ಟಿ ನಂಬಬೇಡಿ, ಅದು ಗಾಜಿನ ಬಿಸಿಯನ್ನೂ ಕೋಣೆಯ ಬಿಸಿಯನ್ನೂ ಕಲಸಿ ತೋರಿಸುತ್ತದೆ. ನೀರಿನೊಳಗೆ ಇಳಿಬಿಡುವ ಡಿಜಿಟಲ್ ಪ್ರೋಬ್ ಬೇಕು. ಮಧ್ಯಾಹ್ನ ಮೂರಕ್ಕೆ ಒಂದು ಸಲ, ಬೆಳಿಗ್ಗೆ ಆರಕ್ಕೆ ಒಂದು ಸಲ ಬರೆದಿಡಿ.

25ರಿಂದ 27 ಡಿಗ್ರಿ ಇದ್ದರೆ ಚೆಂದ. 28ಕ್ಕೂ ನಿಧಾನವಾಗಿ ಒಗ್ಗಿಕೊಳ್ಳುತ್ತವೆ. 30 ದಾಟಿ ಅಲ್ಲೇ ನಿಂತರೆ ಕಷ್ಟ. ಏಪ್ರಿಲ್, ಮೇ ಮತ್ತು ಅಕ್ಟೋಬರ್‌ನಲ್ಲಿ ನಮ್ಮ ಹಾಲ್ ಮಧ್ಯಾಹ್ನ 32, 33 ಇರುತ್ತದೆ. ಪಂಪು, ಲೈಟು ಸೇರಿ ನೀರಿಗೆ ಇನ್ನೂ ಸ್ವಲ್ಪ ಬಿಸಿ ಕೂಡುತ್ತದೆ.

ಹವಳದ ಮೈಯೊಳಗೆ ಕಣ್ಣಿಗೆ ಕಾಣದ ಪಾಚಿ ಇದೆ. ಅದು ಬೆಳಕಿನಲ್ಲಿ ಅಡುಗೆ ಮಾಡಿ ಹವಳಕ್ಕೆ ಊಟ ಕೊಡುತ್ತದೆ. ಬಿಸಿ ಜಾಸ್ತಿಯಾದಾಗ ಅದೇ ಪಾಚಿ ಹವಳಕ್ಕೆ ಹಾನಿ ಮಾಡುವ ರೂಪದ ಆಮ್ಲಜನಕ ಬಿಡತೊಡಗುತ್ತದೆ. ಬೆಳಕು ಜಾಸ್ತಿ ಇದ್ದಷ್ಟೂ ಈ ಹಾನಿ ಜಾಸ್ತಿ. ತಡೆಯಲಾರದೆ ಹವಳ ಪಾಚಿಯನ್ನು ಹೊರಹಾಕುತ್ತದೆ, ಬಿಳಿಚುತ್ತದೆ. 2024ರ ಬೇಸಿಗೆಯಲ್ಲಿ ಲಕ್ಷದ್ವೀಪದ ಹವಳಗಳು ಬಿಳಿಚಿದ್ದೂ ಸಮುದ್ರ ಹೀಗೆ ಬಿಸಿಯಾದಾಗ. ಹಾಗಾಗಿ ಬಿಸಿಯ ದಿನಗಳಲ್ಲಿ ನೀರು ತಣ್ಣಗೆ ಮಾಡುವುದರ ಜೊತೆಗೆ ಬೆಳಕನ್ನೂ ಇಳಿಸಬೇಕು. ನಾನು ಮೇ ತಿಂಗಳಲ್ಲಿ ಲೈಟನ್ನು ಅರ್ಧಕ್ಕೆ ಇಳಿಸುತ್ತೇನೆ. ಸಮಯವನ್ನೂ ಸಂಜೆ 4ರಿಂದ ರಾತ್ರಿ 11ಕ್ಕೆ ಸರಿಸುತ್ತೇನೆ. ಹವಳಕ್ಕೆ ಗಡಿಯಾರ ಗೊತ್ತಿಲ್ಲ, ತೊಂದರೆ ಇಲ್ಲ. ಬೇಕಾದರೆ ದಿನಕ್ಕೆ ಅರ್ಧ ಗಂಟೆಯಂತೆ ಸರಿಸಿ.

ತಣ್ಣಗೆ ಮಾಡಲು ಮೊದಲು ಮುಚ್ಚಳ ತೆಗೆಯಿರಿ. ಮೀನು ಹಾರದಂತೆ ಬಲೆ ಹಾಕಿ. ಒಂದು ಚಿಕ್ಕ ಫ್ಯಾನನ್ನು ನೀರಿನ ಮೇಲ್ಮೈಗೆ ಓರೆಯಾಗಿ ಬೀಸುವಂತೆ ಇಡಿ. ನೀರು ಆವಿಯಾಗುತ್ತಾ ಎರಡು ಡಿಗ್ರಿಯಷ್ಟು ಇಳಿಯುತ್ತದೆ, ಒಣ ಹವೆಯಲ್ಲಿ ಇನ್ನೂ ಜಾಸ್ತಿ. ಜುಲೈ ತಿಂಗಳ ತೇವದ ಗಾಳಿಯಲ್ಲಿ ಈ ಉಪಾಯ ಅಷ್ಟು ನಡೆಯುವುದಿಲ್ಲ, ಆದರೆ ಆಗ ಕೋಣೆಯೇ ತಂಪಾಗಿರುತ್ತದೆ. ಐಸ್ ಬಾಟಲಿ ಹಾಕುವುದು ಕೊನೆಯ ದಾರಿ. ಚಿಕ್ಕ ಟ್ಯಾಂಕಿನಲ್ಲಿ ಅದು ಸರ್ರನೆ ಇಳಿಸಿ ಮತ್ತೆ ಏರಿಸುತ್ತದೆ, ಆ ಏರಿಳಿತ ಬಿಸಿಗಿಂತ ಕೆಟ್ಟದ್ದು. ಹಾಕಲೇಬೇಕಾದರೆ ಅರ್ಧ ಲೀಟರಿನ ಒಂದೇ ಬಾಟಲಿ, ಥರ್ಮಾಮೀಟರ್ ನೋಡುತ್ತಾ. ದುಡ್ಡು ಕೂಡಿಸಲು ಆಗುವುದಾದರೆ ಇನ್ನೊಂದು ಹವಳ ತರುವ ಬದಲು ಚಿಕ್ಕ ಚಿಲ್ಲರ್‌ಗೆ ಕೂಡಿಸಿ.

ಉಪ್ಪು

ಫ್ಯಾನ್ ಇಟ್ಟಿರಿ, ನೀರು ಆವಿಯಾಯಿತು. ಉಪ್ಪು ಎಲ್ಲಿಗೂ ಹೋಗಲಿಲ್ಲ ಅಲ್ವಾ? ನನ್ನ ಟ್ಯಾಂಕಿನಲ್ಲಿ ಮೇ ತಿಂಗಳಲ್ಲಿ ದಿನಕ್ಕೆ ಹತ್ತಿರ ಹತ್ತಿರ ಒಂದು ಲೀಟರ್ ಆವಿಯಾಗುತ್ತದೆ. 40 ಲೀಟರಿನಲ್ಲಿ 35 ಪಿಪಿಟಿ (ಸಾವಿರ ಭಾಗ ನೀರಿನಲ್ಲಿ 35 ಭಾಗ ಉಪ್ಪು) ಇದ್ದದ್ದು ಒಂದು ದಿನಕ್ಕೆ ಸುಮಾರು 36, ಮೂರು ದಿನ ನೀರು ತುಂಬದಿದ್ದರೆ ಸುಮಾರು 38. ದೊಡ್ಡ ಟ್ಯಾಂಕಿನವರಿಗೆ ಇದು ಗೊತ್ತೇ ಆಗುವುದಿಲ್ಲ. ನಮಗೆ ಇದೇ ದೊಡ್ಡ ವಿಷಯ.

ಗಾಜಿನ ಮೇಲೆ ಮಾರ್ಕರ್‌ನಿಂದ ಒಂದು ಗೆರೆ ಎಳೆಯಿರಿ. ದಿನಾ ಆ ಗೆರೆಗೆ ಬರುವಷ್ಟು ಸಿಹಿ ಆರ್‌ಓ ನೀರು ಹಾಕಿ. ಉಪ್ಪುನೀರು ಹಾಕಬೇಡಿ, ಅದು ನೀರು ಬದಲಿಸುವಾಗ ಮಾತ್ರ.

ಇನ್ನು ಉಪ್ಪು ಅಳೆಯುವುದು. ತೇಲುವ ಮುಳ್ಳಿನ ಪ್ಲಾಸ್ಟಿಕ್ ಹೈಡ್ರೋಮೀಟರ್‌ಗೆ ಗುಳ್ಳೆ ಅಂಟಿದರೆ ಲೆಕ್ಕ ತಪ್ಪುತ್ತದೆ. ರಿಫ್ರಾಕ್ಟೋಮೀಟರ್ ಒಳ್ಳೆಯದು. ಆದರೆ ಅದನ್ನು ಬರೀ ಆರ್‌ಓ ನೀರಿನಲ್ಲಿ ಸೊನ್ನೆಗೆ ತಂದರೆ ಸಾಲದು, 35ರ ಹತ್ತಿರ ತಪ್ಪು ಉಳಿಯಬಹುದು. 35 ಪಿಪಿಟಿಯ ದ್ರಾವಣ ಸಿಗುತ್ತದೆ. ಸಿಗದಿದ್ದರೆ ಅಡುಗೆಮನೆಯ ತಕ್ಕಡಿಯಲ್ಲಿ 36.5 ಗ್ರಾಂ ಒಣಗಿದ ಪುಡಿ ಉಪ್ಪನ್ನು 963.5 ಗ್ರಾಂ ಆರ್‌ಓ ನೀರಿನಲ್ಲಿ ಕರಗಿಸಿ. ರಿಫ್ರಾಕ್ಟೋಮೀಟರ್‌ಗೆ ಅದು 35ರ ಸಮುದ್ರದ ನೀರಿನಂತೆಯೇ ಕಾಣುತ್ತದೆ. ಈ ದ್ರಾವಣ ಅಳತೆಗೆ ಮಾತ್ರ, ಟ್ಯಾಂಕಿಗೆ ಹಾಕಬೇಡಿ.

ಉಪ್ಪಿನಂಶ 38 ಆಗಿದ್ದರೆ ಒಂದೇ ಸಲ ಇಳಿಸಬೇಡಿ. ಒಂದು ಲೀಟರ್ ಟ್ಯಾಂಕ್ ನೀರು ತೆಗೆದು ಒಂದು ಲೀಟರ್ ಆರ್‌ಓ ಹಾಕಿದರೆ 40 ಲೀಟರಿನಲ್ಲಿ ಸುಮಾರು ಒಂದು ಪಿಪಿಟಿ ಇಳಿಯುತ್ತದೆ. ದಿನಕ್ಕೆ ಅಷ್ಟೇ ಮಾಡಿ.

ತಾಮ್ರ: ನಾನು ಕಳೆದುಕೊಂಡ ಝೋವಾಗಳ ಕಥೆ

ಎರಡು ವರ್ಷದ ಹಿಂದೆ ಮನೆಗೆ ಹೊಸ ಪ್ಯೂರಿಫೈಯರ್ ಬಂತು. ನೀರು ಚೆನ್ನಾಗಿತ್ತು, ಅದೇ ನೀರನ್ನು ಟ್ಯಾಂಕಿಗೂ ಹಾಕತೊಡಗಿದೆ. ಮೂರನೇ ವಾರ ಬಸವನಹುಳಗಳು ಒಂದೊಂದಾಗಿ ಮರಳಿನ ಮೇಲೆ ಬಿದ್ದವು. ಆಮೇಲೆ ಝೋವಾಗಳು ಮುಚ್ಚಿಕೊಂಡವು. ಉಪ್ಪು, ಬಿಸಿ, ಅಮೋನಿಯಾ ಎಲ್ಲ ಸರಿಯಾಗಿತ್ತು. ಮೀನು ಆರಾಮಾಗಿ ಓಡಾಡಿಕೊಂಡಿತ್ತು. ಹತ್ತು ದಿನ ತಲೆ ಕೆಡಿಸಿಕೊಂಡ ಮೇಲೆ ಒಂದು ಸಂಜೆ ನನ್ನ ಹೆಂಡತಿ ಪ್ಯೂರಿಫೈಯರ್ ಒರೆಸುತ್ತಾ "ಇದರಲ್ಲಿ ತಾಮ್ರ ಸೇರಿಸ್ತಾರಂತೆ, ಆರೋಗ್ಯಕ್ಕೆ ಒಳ್ಳೇದಂತೆ" ಅಂದಳು. ನನಗೆ ಎದೆ ಧಸಕ್ಕೆಂದಿತು. ಮನುಷ್ಯರಿಗೆ ಏನೂ ಮಾಡದ ಅಷ್ಟು ತಾಮ್ರ ಬೆನ್ನೆಲುಬಿಲ್ಲದ ಜೀವಿಗಳಿಗೆ ವಿಷ. ಎಂಟು ವರ್ಷದಿಂದ ಬೆಳೆಸಿದ್ದ ಹಸಿರು ಝೋವಾದ ಒಂದು ಗುಂಪು ಉಳಿಯಲಿಲ್ಲ.

ಆದ್ದರಿಂದ ನೀರಿನ ಮೂಲವನ್ನು ಚೆನ್ನಾಗಿ ನೋಡಿ. ತಾಮ್ರ ಸೇರಿಸುವ ಪ್ಯೂರಿಫೈಯರ್ ಬೇಡ. ಖನಿಜ ಸೇರಿಸುವ ಕಾರ್ಟ್ರಿಜ್ ಬೇಡ. ಟಿಡಿಎಸ್ (ನೀರಿನಲ್ಲಿ ಕರಗಿದ ಲವಣದ ಅಳತೆ) ಕಂಟ್ರೋಲರ್ ಅನ್ನುವ ತಿರುಪು ಇದ್ದರೆ ಅದು ಆರ್‌ಓ ನೀರಿಗೆ ಮೆಂಬ್ರೇನ್ ದಾಟದ ನೀರನ್ನು ಬೆರೆಸುತ್ತದೆ, ಅದನ್ನೂ ಮುಚ್ಚಬೇಕು. ಮೆಂಬ್ರೇನ್ ಆದ ಮೇಲೆ ಉಳಿದ ಲವಣ ಹೀರುವ ಡಿಐ ರೆಸಿನ್ ಹಾಕಿ, ಟಿಡಿಎಸ್ ಪೆನ್ನಿನಲ್ಲಿ 0 ಬರಬೇಕು. ಮೇ ತಿಂಗಳಲ್ಲಿ ಸೊಸೈಟಿಗೆ ಟ್ಯಾಂಕರ್ ನೀರು ಬಂದಾಗ, ಅದು ಬೋರ್‌ವೆಲ್‌ನದಾದರೆ ರೆಸಿನ್ ಬೇಗ ಮುಗಿಯುತ್ತದೆ, ಆಗ ಪ್ರತಿ ಸಲ ನೋಡಿ. ಒಂದು ಎಚ್ಚರ, ಹವಳಕ್ಕೆ ಸಾಕಾಗುವ ಚೂರು ತಾಮ್ರ ಟಿಡಿಎಸ್ ಪೆನ್ನಿಗೆ ಕಾಣುವುದೇ ಇಲ್ಲ. ಅದಕ್ಕೆ ತಾಮ್ರದ ಟೆಸ್ಟ್ ಕಿಟ್ ಬೇರೆಯೇ ಇದೆ.

ಎಸಿಯಿಂದ ತೊಟ್ಟಿಕ್ಕುವ ನೀರೂ ಬೇಡ, ಅದು ತಾಮ್ರ, ಅಲ್ಯೂಮಿನಿಯಂ ಮುಟ್ಟಿ ಬಂದದ್ದು. ತಾಮ್ರದ ಚೆಂಬು, ಹಿತ್ತಾಳೆ ಬಿಂದಿಗೆ ಟ್ಯಾಂಕಿನ ಹತ್ತಿರ ತರಲೇಬೇಡಿ. ಮೀನಿನ ಬಿಳಿ ಚುಕ್ಕೆ ರೋಗಕ್ಕೆ ಕೊಡುವ ಹಲವು ಔಷಧಿಗಳಲ್ಲೂ ತಾಮ್ರ ಇರುತ್ತದೆ. ಅದನ್ನು ಬೇರೆ ಬಕೆಟ್‌ನಲ್ಲಿ, ಮೀನಿಗೆ ಮಾತ್ರ ಕೊಡಿ. ತಾಮ್ರ ಸೇರಿದ್ದು ಖಾತ್ರಿಯಾದರೆ ಎರಡು ದಿನಕ್ಕೊಮ್ಮೆ 20 ಶೇಕಡಾ ನೀರು ಬದಲಿಸಿ, ತಾಮ್ರ ಹೀರುವ ರೆಸಿನ್ ಫಿಲ್ಟರ್‌ನಲ್ಲಿಡಿ. ಕಲ್ಲು ಸ್ವಲ್ಪ ಹೀರಿಕೊಂಡಿರುತ್ತದೆ, ನಿಧಾನಕ್ಕೆ ಬಿಡುತ್ತದೆ. ಹಾಗಾಗಿ ರೆಸಿನ್ ತಿಂಗಳುಗಟ್ಟಲೆ ಇರಲಿ.

ಮನೆಯ ಗಾಳಿ, ಮನೆಯ ಕೈ

ಸೊಳ್ಳೆ ಮೆಷಿನ್‌ನ ದ್ರವ, ಜಿರಳೆ ಸ್ಪ್ರೇ, ಇರುವೆ ಚಾಕ್, ಸೊಸೈಟಿಯ ಹೊಗೆ ಮೆಷಿನ್ ಇವೆಲ್ಲ ಕೀಟಗಳನ್ನು ಕೊಲ್ಲಲು ಮಾಡಿದವು, ಸೀಗಡಿ ಕೀಟಕ್ಕೆ ದೂರದ ನೆಂಟ. ಏರ್ ಪಂಪು ಕೋಣೆಯ ಗಾಳಿಯನ್ನು ನೇರ ನೀರಿಗೆ ತಳ್ಳುತ್ತದೆ. ಹೊಗೆ ಹಾಕುವ ದಿನ ಕಿಟಕಿ ಮುಚ್ಚಿ, ಟ್ಯಾಂಕಿಗೆ ಒದ್ದೆ ಬಟ್ಟೆ ಹೊದಿಸಿ, ಏರ್ ಪಂಪು ಒಂದು ಗಂಟೆ ನಿಲ್ಲಿಸಿ, ನೀರಿಗೆ ಓಟ ಕೊಡುವ ವೇವ್‌ಮೇಕರ್ ಮಾತ್ರ ಓಡಲಿ. ಅಮ್ಮ ಸಂಜೆ ಧೂಪ ಹಾಕುತ್ತಾರೆ, ಅದು ಬೇಡ ಅನ್ನಲು ನನಗೆ ಮನಸ್ಸಿಲ್ಲ. ಟ್ಯಾಂಕನ್ನೇ ದೇವರ ಕೋಣೆಯಿಂದ ದೂರದ ಗೋಡೆಗೆ ಸರಿಸಿದೆ. ಕೊಳೆ ಹೀರುವ ಇದ್ದಿಲು, ಅಂದರೆ ಆ್ಯಕ್ಟಿವೇಟೆಡ್ ಕಾರ್ಬನ್, ಸದಾ ಫಿಲ್ಟರ್‌ನಲ್ಲಿ ಇರುತ್ತದೆ. 40 ಲೀಟರಿಗೆ ಒಂದು ದೊಡ್ಡ ಚಮಚ, ಮೂರು ವಾರಕ್ಕೊಮ್ಮೆ ಹೊಸದು.

ಕೈ ಹಾಕುವ ಮೊದಲು ಬರೀ ನೀರಿನಲ್ಲಿ ಮೊಣಕೈವರೆಗೆ ತೊಳೆಯಿರಿ. ತೆಂಗಿನೆಣ್ಣೆ, ಸ್ಯಾನಿಟೈಸರ್, ಕ್ರೀಮ್ ಯಾವುದೂ ಇರಬಾರದು.

ಈಗ ಟೆಸ್ಟ್ ಕಿಟ್

ಅಮೋನಿಯಾ 0 ಇರಬೇಕು, ಇಲ್ಲದಿದ್ದರೆ ಸತ್ತದ್ದು ಏನಾದರೂ ಕಲ್ಲಿನ ಸಂದಿಯಲ್ಲಿ ಕೊಳೆಯುತ್ತಿದೆಯೇ ಹುಡುಕಿ ತೆಗೆದು, ಅವತ್ತೇ ಕಾಲು ಭಾಗ ನೀರು ಬದಲಿಸಿ. ನೈಟ್ರೇಟ್ 5ರಿಂದ 15 ಪಿಪಿಎಂ (ಹತ್ತು ಲಕ್ಷದಲ್ಲಿ ಅಷ್ಟು ಭಾಗ), ಫಾಸ್ಫೇಟ್ 0.03ರಿಂದ 0.1. ಕೆಎಚ್ (ನೀರಿನ ಕ್ಷಾರದ ಅಳತೆ) 8ರಿಂದ 9ರಲ್ಲಿ ಕದಲದೆ ನಿಂತರೆ ಸಾಕು.

ಇಲ್ಲಿ ತುಂಬ ಜನ ತಪ್ಪುವುದು ಸೊನ್ನೆಯ ಆಸೆಯಲ್ಲಿ. ನೈಟ್ರೇಟ್, ಫಾಸ್ಫೇಟ್ ಎರಡೂ ಸೊನ್ನೆ ಆದರೆ ನೀರು ಗಾಜಿನಂತೆ ಹೊಳೆಯುತ್ತದೆ, ಹವಳ ಮಾತ್ರ ಹಸಿದು ಬಣ್ಣ ಕಳೆದುಕೊಳ್ಳುತ್ತದೆ. ಮರಳಿನ ಮೇಲೆ ಗುಳ್ಳೆಗಳಿರುವ ಕಂದು ಲೋಳೆ ಕೂಡ ಇಂಥ ನೀರಿನಲ್ಲೇ ಹೆಚ್ಚು ಬರುತ್ತದೆ. ಆಗ ಇನ್ನಷ್ಟು ನೀರು ಬದಲಿಸುವುದು ತಪ್ಪು. ಫಾಸ್ಫೇಟ್ ಹೀರುವ ಪುಡಿ ತೆಗೆಯಿರಿ, ಮೀನಿಗೆ ಇನ್ನೊಂದು ತುತ್ತು ಹಾಕಿ.

ಪಿಎಚ್ ಬಗ್ಗೆ ಚಿಂತೆ ಬೇಡ. ಬಾಗಿಲು ಮುಚ್ಚಿ ಎಸಿ ಹಾಕಿ ನಾಲ್ಕು ಜನ ಮಲಗಿದರೆ ಕೋಣೆಯಲ್ಲಿ ಇಂಗಾಲದ ಡೈಆಕ್ಸೈಡ್ ಏರಿ ಬೆಳಿಗ್ಗೆ ಪಿಎಚ್ 7.8 ತೋರಿಸಬಹುದು. ಪುಡಿ ಸುರಿಯಬೇಡಿ, ಕಿಟಕಿ ತೆಗೆಯಿರಿ.

ಒಂದೇ ಹವಳ ಮುಚ್ಚಿದ್ದರೆ

ಝೋವಾ ಕತ್ತು ಉದ್ದ ಮಾಡಿ ಮೇಲೆ ಚಾಚುತ್ತಿದ್ದರೆ ಬೆಳಕು ಕಮ್ಮಿ. ಮಶ್ರೂಮ್ ಕುಗ್ಗಿ ಬಣ್ಣ ತೆಳುವಾದರೆ ಬೆಳಕು ಜಾಸ್ತಿ, ಕೆಳಗೆ ನೆರಳಿಗೆ ಇಳಿಸಿ. ಹೊಸ ಎಲ್‌ಇಡಿ ತಂದಿದ್ದರೆ 30 ಶೇಕಡಾದಿಂದ ಶುರು ಮಾಡಿ ಮೂರು ನಾಲ್ಕು ವಾರದಲ್ಲಿ ಏರಿಸಿ.

ನೀರಿನ ಓಟ ನೇರ ಮುಖಕ್ಕೆ ಹೊಡೆಯಬಾರದು, ಹವಳದ ಪುಟ್ಟ ಹೂವಿನಂಥ ಪಾಲಿಪ್‌ಗಳು ಗಾಳಿಗೆ ಭತ್ತದ ಪೈರಿನ ಹಾಗೆ ಆಡಬೇಕು. ವೇವ್‌ಮೇಕರ್ ಬಿಳಿ ಸುಣ್ಣ ಕಟ್ಟಿ ನಿಧಾನವಾಗಿದ್ದರೆ ಅರ್ಧ ವಿನೆಗರ್ ಅರ್ಧ ನೀರಿನಲ್ಲಿ ಒಂದು ಗಂಟೆ ನೆನೆಸಿ ತೊಳೆಯಿರಿ.

ರಾತ್ರಿ ಲೈಟ್ ಆರಿ ಎರಡು ಗಂಟೆಯಾದ ಮೇಲೆ ಟಾರ್ಚ್ ಹಿಡಿದು ನೋಡಿ. ಝೋವಾ ತಿನ್ನುವ ನ್ಯೂಡಿಬ್ರಾಂಚ್ ಅನ್ನುವ ಚಿಪ್ಪಿಲ್ಲದ ಹುಳ ತಾನು ತಿಂದ ಝೋವಾದ ಬಣ್ಣವನ್ನೇ ಹೊತ್ತಿರುತ್ತದೆ, ಹಗಲು ಕಾಣುವುದೇ ಕಷ್ಟ. ಕಂಡರೆ ಆ ಕಲ್ಲನ್ನು ತೆಗೆದು, ಪ್ಯಾಕಿನ ಮೇಲಿನ ಅಳತೆಯಂತೆ ಕೋರಲ್ ಡಿಪ್ ಅನ್ನುವ ಹುಳ ಕೊಲ್ಲುವ ದ್ರವದಲ್ಲಿ ಅದ್ದಿ. ಮೊಟ್ಟೆಗಳು ಡಿಪ್‌ಗೆ ಸಾಯುವುದಿಲ್ಲ. ಅವನ್ನು ಗ್ಲೌಸ್ ಹಾಕಿದ ಕೈಯಿಂದಲೇ ಕೆರೆದು, ಐದಾರು ದಿನಕ್ಕೊಮ್ಮೆ ಮೂರು ಸಲ ಮಾಡಿ.

ಪಕ್ಕದಲ್ಲಿ ಲೆದರ್ ಇದೆಯಾ ನೋಡಿ. ಅದು ನೀರಿಗೆ ತನ್ನ ರಾಸಾಯನಿಕ ಬಿಟ್ಟು ಬೇರೆ ಹವಳಗಳನ್ನು ದೂರ ಇಡುತ್ತದೆ. ಕಾರ್ಬನ್ ಬದಲಿಸಿ, ಒಂದು ಗೇಣು ದೂರ ಸರಿಸಿ. ಲೆದರ್ ಒಂದು ಕಡೆ ಕಪ್ಪಾಗಿ ಕೊಳೆಯುತ್ತಿದ್ದರೆ ಹೊಸ ಬ್ಲೇಡಿನಲ್ಲಿ ಚೆನ್ನಾಗಿರುವ ಭಾಗದವರೆಗೂ ಕತ್ತರಿಸಿ ತೆಗೆಯಿರಿ. ಅದಕ್ಕೆ ಮತ್ತೆ ಬೆಳೆಯುವ ಶಕ್ತಿ ಚೆನ್ನಾಗಿದೆ.

ದಯವಿಟ್ಟು ಇದನ್ನು ಮಾತ್ರ ಮರೆಯಬೇಡಿ: ಕೆಲವು ಝೋವಾ, ಅದರಲ್ಲೂ ಪ್ಯಾಲಿಥೋವಾಗಳಲ್ಲಿ ಪ್ಯಾಲಿಟಾಕ್ಸಿನ್ ಅನ್ನುವ ಭಾರೀ ವಿಷ ಇರುತ್ತದೆ. ಅವು ಇರುವ ಕಲ್ಲನ್ನು ಕುದಿಸಬೇಡಿ, ಬಿಸಿನೀರು ಸುರಿಯಬೇಡಿ, ಒಣಗಿಸಿ ಉಜ್ಜಬೇಡಿ. ಆವಿಯಲ್ಲಿ ಬಂದ ವಿಷದಿಂದ ಇಡೀ ಮನೆಯವರು ಆಸ್ಪತ್ರೆ ಸೇರಿದ ಘಟನೆಗಳು ಹೊರದೇಶಗಳಲ್ಲಿ ಆಗಿವೆ. ಕತ್ತರಿಸುವಾಗ ಗ್ಲೌಸ್, ಕನ್ನಡಕ ಬೇಕೇ ಬೇಕು. ಮಕ್ಕಳು ಹತ್ತಿರ ಇರಬಾರದು.

ಸರಿ ಮಾಡುವ ಕ್ರಮ

ಕಾರಣ ಸಿಕ್ಕಿತು ಅನಿಸಿದ ಮೇಲೆ ಒಂದೇ ಒಂದು ಬದಲಾವಣೆ ಮಾಡಿ, ಐದು ದಿನ ಕಾಯಿರಿ. ಪುಸ್ತಕದಲ್ಲಿ ತಾರೀಖು ಹಾಕಿ ಬರೆಯಿರಿ. ದಿನಾ ಒಂದೇ ಹೊತ್ತಿಗೆ, ಒಂದೇ ಜಾಗದಿಂದ ಫೋಟೋ ತೆಗೆಯಿರಿ, ಯಾಕೆಂದರೆ ಚಿಂತೆಯಲ್ಲಿ ಕಣ್ಣು ಸುಳ್ಳು ಹೇಳುತ್ತದೆ.

ಕಾರಣ ಸಿಗಲೇ ಇಲ್ಲವೇ? ವಾರಕ್ಕೆ ಎರಡು ಸಲ 10 ಶೇಕಡಾ ನೀರು ಬದಲಿಸಿ, ಹೊಸ ಕಾರ್ಬನ್ ಹಾಕಿ, ಬೆಳಕು ಸ್ವಲ್ಪ ಇಳಿಸಿ, ಬೇರೆ ಏನನ್ನೂ ಮುಟ್ಟಬೇಡಿ. ಹೊಸ ಉಪ್ಪುನೀರನ್ನು ಹಿಂದಿನ ದಿನವೇ ಕಲಸಿ, ಪಂಪು ಹಾಕಿ ಓಡಿಸಿ, ಉಪ್ಪು ಮತ್ತು ಬಿಸಿ ಎರಡೂ ಟ್ಯಾಂಕಿಗೆ ಸಮ ಮಾಡಿ. ಅಡುಗೆ ಉಪ್ಪು ನಡೆಯುವುದಿಲ್ಲ, ರೀಫ್ ಸಾಲ್ಟ್ ಬೇಕು. ಕುರ್ಲಾ ಮತ್ತು ಕ್ರಾಫರ್ಡ್ ಮಾರ್ಕೆಟ್ ಅಂಗಡಿಗಳಲ್ಲಿ ಕೇಳಿ. ಬಿಡಿಯಾಗಿ ತೂಗಿ ಕೊಟ್ಟರೆ ಮಳೆಗಾಲದಲ್ಲಿ ತೇವ ಕುಡಿದಿರುತ್ತದೆ, ಸೀಲ್ ಇರುವ ಡಬ್ಬಿಯೇ ತಗೊಳ್ಳಿ.

ಮಶ್ರೂಮ್ ಒಂದು ವಾರದಲ್ಲಿ ಚೇತರಿಸಿಕೊಳ್ಳಬಹುದು. ಝೋವಾಗೆ ಎರಡು ಮೂರು ವಾರ. ಬಿಳಿಚಿದ ಹವಳ ಬಣ್ಣ ತುಂಬಿಕೊಳ್ಳಲು ತಿಂಗಳುಗಳೇ ಬೇಕು. ಮೈ ಇನ್ನೂ ಗಟ್ಟಿಯಾಗಿದ್ದರೆ ಅದು ಬದುಕಿದೆ, ಬಿಸಾಡಬೇಡಿ.

ಊರಿಗೆ ಹೋಗುವಾಗ

ಮೇ ತಿಂಗಳಲ್ಲಿ ಮತ್ಸ್ಯಗಂಧ ರೈಲು ಹಿಡಿದು ಊರಿಗೆ ಹೋದವರು ಬಂದು ನೋಡುವಷ್ಟರಲ್ಲಿ ಟ್ಯಾಂಕ್ ಹೋಗಿರುತ್ತದೆ. ನಾನು ಕಂಡ ನಷ್ಟಗಳಲ್ಲಿ ಅರ್ಧಕ್ಕರ್ಧ ಹೀಗೇ ಆದದ್ದು. ಆವಿಯಾದಷ್ಟು ನೀರನ್ನು ತಾನಾಗಿ ತುಂಬುವ ಆಟೋ ಟಾಪ್ ಆಫ್ ಇದ್ದರೆ ಹೊರಡುವ ಒಂದು ವಾರ ಮೊದಲೇ ಹಾಕಿ, ಸರಿಯಾಗಿ ನಡೆಯುತ್ತಾ ನೋಡಿ. ಕರೆಂಟ್ ಹೋದರೆ ತಾನಾಗಿ ಶುರುವಾಗುವ ಬ್ಯಾಟರಿ ಏರ್ ಪಂಪು ಇಡಿ. ಪಕ್ಕದ ಮನೆಯ ಅಕ್ಕನಿಗೆ ನಾನು ಒಂದು ಲೀಟರಿನ ಬಾಟಲಿಗಳಲ್ಲಿ ಆರ್‌ಓ ನೀರು ತುಂಬಿ, ಮೇಲೆ ಸೋಮವಾರ, ಮಂಗಳವಾರ ಅಂತ ಬರೆದು ಸಾಲಾಗಿ ಇಟ್ಟು ಹೋಗುತ್ತೇನೆ. ಮೀನಿನ ಆಹಾರವನ್ನು ಒಂದೊಂದು ಚಿಟಿಕೆ ಕಾಗದದಲ್ಲಿ ಮಡಚಿ ಕೊಡುತ್ತೇನೆ, ಉಳಿದ ಡಬ್ಬಿ ಬೀರುವಿನೊಳಗೆ. ಪ್ರೀತಿಯಿಂದ ಯಾರೂ ಎರಡು ಚಮಚ ಸುರಿಯಬಾರದು ನೋಡಿ. ದಿನಾ ಸಂಜೆ ಅವರು ಥರ್ಮಾಮೀಟರಿನ ಒಂದು ಫೋಟೋ ಕಳಿಸುತ್ತಾರೆ, 30 ಕಂಡರೆ ನಾನು ಅಲ್ಲಿಂದಲೇ ಫೋನ್ ಮಾಡಿ ಫ್ಯಾನ್ ಇನ್ನೂ ಹತ್ತಿರ ತಿರುಗಿಸಲು ಹೇಳುತ್ತೇನೆ.